ಕಲಿಸಿದ್ದರ ಪಾಲು

ಮಗಳು ಯಾರ ಜೊತೆ ಇರಬೇಕು, ಮನೆ ಯಾರಿಗೆ ಎಂಬುದೆಲ್ಲ ಇತ್ಯರ್ಥವಾಗಿತ್ತು. ವಿಚ್ಛೇದನಕ್ಕೆ ಇನ್ನು ಉಳಿದಿದ್ದು ಕಲಿಸಿದ್ದರ ಪಾಲು. ಗಂಡ ಹೆಂಡತಿ ಒಬ್ಬರಿಗೊಬ್ಬರು ಕಲಿಸಿದ್ದನ್ನು ವಾಪಸ್ ಕೇಳಬಹುದಿತ್ತು. ಕೇಳಿದರೆ ಕಲಿತವರು ಕೋರ್ಟಿನ ಯಂತ್ರಕ್ಕೆ ಹಣೆ ಒತ್ತಬೇಕು, ಕಲಿತದ್ದು ಅಲ್ಲಿಗೇ ಮರೆತುಹೋಗುತ್ತದೆ.

ಶಾಲಾ ವ್ಯಾನ್ ಓಡಿಸುವ ಇಂದುಮತಿಗೆ ಡ್ರೈವಿಂಗ್ ಕಲಿಸಿದವನು ಗಂಡ ಪಾಲಾಕ್ಷ. ಅವಳ ಅನ್ನ ಅದರಲ್ಲೇ ಇತ್ತು.

“ಅವ್ರು ಕೇಳಿದ್ರೆ ಕೊಡ್ಲೇಬೇಕಾ ಮೇಡಂ?” ಎಂದು ವಕೀಲೆಯನ್ನು ಕೇಳಿದಳು.

“ಕೊಡ್ಲೇಬೇಕಮ್ಮ. ನೀವೂ ಕೇಳ್ಬಹುದು. ಅವ್ರಿಗೆ ನೀವೇನು ಕಲಿಸಿದ್ರಿ?”

“ಓದೋದು.”

ವಾಪಸ್ ಏನು ಬೇಕೆಂದು ನ್ಯಾಯಾಧೀಶರು ಮೊದಲು ಪಾಲಾಕ್ಷನನ್ನು ಕೇಳಿದರು. ಇಂದುಮತಿ ವ್ಯಾನಿನ ಕೀಲಿಯನ್ನು ಬಿಗಿಯಾಗಿ ಹಿಡಿದಳು.

“ಏನೂ ಬ್ಯಾಡ ಸ್ವಾಮಿ. ನನಗಿಂತ ಚೆನ್ನಾಗಿ ಓಡಿಸ್ತಾಳೆ,” ಎಂದ ಅವನು.

“ನನಗೂ ಏನೂ ಬೇಡ,” ಎಂದಳು ಇಂದುಮತಿ.

ಹೊರಗೆ ಪಾಲಾಕ್ಷ ಗೇಟಿನ ನಡುವೆ ನಿಂತು ಎದುರಿನ ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಿದ್ದ. ಹಿಂದೆ ಅವಳ ವ್ಯಾನ್ ಬಂದದ್ದು ಕಂಡು ಪಕ್ಕಕ್ಕೆ ಸರಿದ. ಅವಳು ದಾಟುತ್ತ ಸಣ್ಣಗೆ ಒಂದು ಹಾರ್ನ್ ಒತ್ತಿದಳು. ದಾರಿ ಬಿಟ್ಟವರಿಗೆ ಹಾಗೆ ಥ್ಯಾಂಕ್ಸ್ ಹೇಳಬೇಕೆಂದು ಕಲಿಸಿದವನು ಅವನೇ.