ಲೆಕ್ಕಕ್ಕೆ ಸೇರದ ತೂಕ

ಗುಡ್ಡದ ಮೂರನೇ ತಿರುವಿನಲ್ಲಿ ಅವನ ಬೈಕು ನಿಂತುಬಿಟ್ಟಿತು. ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಂದೆ ಕೂತಿದ್ದ ನರ್ಸಮ್ಮ ಚೀಲ ಅವಚಿಕೊಂಡು ಕಾಲೂರಿದರು. ಮೇಲಿನ ಮನೆಯಲ್ಲಿ ಅವನ ಹೆಂಡತಿಗೆ ಬೆಳಗಿನಿಂದ ಹೆರಿಗೆ ನೋವು. ಈ ದಾರಿಗೆ ಆಂಬುಲೆನ್ಸ್ ಹತ್ತುವುದಿಲ್ಲ.

ಹೊರಡುವಾಗ ಅಣ್ಣ ತನ್ನ ಹಳೆಯ ಗಾಡಿಯ ಕೀ ಚಾಚಿದ್ದ. ಇವನು ನಕ್ಕಿದ್ದ. ಅದು ಹದಿನೆಂಟು ಕುದುರೆಶಕ್ತಿ, ನೂರ ತೊಂಬತ್ತು ಕೆಜಿ. ಇವನದು ಇಪ್ಪತ್ತೈದು, ನೂರ ನಲವತ್ತು. ಈ ಅಂಕಿಗಳನ್ನು ಹೆಂಡತಿಗೂ ಬಾಯಿಪಾಠ ಮಾಡಿಸಿದ್ದ ಮಹಾನುಭಾವ.

"ಓಡೋಕೆ ಪವರ್ ಸಾಕು ಕಣೋ. ಏರು ಹತ್ತೋಕೆ ಟಾರ್ಕ್ ಬೇಕು, ಎಳೆಯೋ ತಾಕತ್ತು," ಎಂದಿದ್ದ ಅಣ್ಣ. ಇವನಿಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕೇಳಿತು. ಆಮೇಲೆ ಅಣ್ಣ ಅದೇ ಗಾಡಿಯಲ್ಲಿ ಅಮ್ಮನನ್ನು ಕರೆತರಲು ಪಕ್ಕದ ಊರಿಗೆ ಹೋದ. ಸಾಲದ್ದಕ್ಕೆ ಇವನು ಮೊನ್ನೆಯಷ್ಟೇ, ಹೆದ್ದಾರಿಯಲ್ಲಿ ಇನ್ನಷ್ಟು ವೇಗ ಸಿಗಲೆಂದು ಹಿಂದಿನ ಚಕ್ರಕ್ಕೆ ಚಿಕ್ಕ ಸ್ಪ್ರಾಕೆಟ್, ಚೈನು ಸುತ್ತುವ ಹಲ್ಲುಗಾಲಿ, ಹಾಕಿಸಿದ್ದ. ವೇಗ ಸಿಕ್ಕಿತು, ಇದ್ದಬದ್ದ ಎಳೆತವೂ ಹೋಯಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ.

ಮತ್ತೆ ಸ್ಟಾರ್ಟ್ ಮಾಡಿದ. ಇಂಜಿನ್ ಕಿರುಚಿತು, ಗಾಡಿ ಮೊಳದಷ್ಟು ಸರಿದು ಆಫ್ ಆಯಿತು. ಅಷ್ಟರಲ್ಲಿ ಮನೆಯಿಂದ ಅತ್ತಿಗೆಯ ಫೋನು: ಮಗುವಿನ ತಲೆ ಕಾಣುತ್ತಿದೆಯಂತೆ.

"ಎಷ್ಟು ತೂಕ ಇದು?" ನರ್ಸಮ್ಮ ಕೇಳಿದರು.

"ನೂರ ನಲವತ್ತು. ಇದಕ್ಕಿಂತ ಹಗುರ ಗಾಡಿ..."

"ನಾವಿಬ್ಬರು?"

ಅದನ್ನು ಅವನು ಎಂದೂ ಕೂಡಿರಲಿಲ್ಲ. ಅವನು ಎಂಬತ್ತೆರಡು. ಚೀಲ ಸೇರಿ ನರ್ಸಮ್ಮನೂ ಅದಕ್ಕೆ ಕಡಿಮೆಯಿಲ್ಲ. ಗಾಡಿಗಿಂತ ಕೂತವರೇ ಭಾರ.

ನಡೆದು ಹೋಗೋಣವೆಂದರೆ ನರ್ಸಮ್ಮನ ಮಂಡಿ ಏರು ಹತ್ತುವಂತಿರಲಿಲ್ಲ. ಅವರು ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಇಪ್ಪತ್ತು ವರ್ಷದಿಂದ ಬೈಕಿನಲ್ಲೇ ಹೆರಿಗೆಗೆ ಓಡಾಡಿದವಳು ತಾನು, ತನ್ನ ಗಾಡಿ ರಿಪೇರಿಗೆ ಹೋಗಿದ್ದರಿಂದಷ್ಟೇ ಇವನ ಹಿಂದೆ ಕೂತದ್ದು, ಈಗ ಇದನ್ನು ತಾನೊಬ್ಬಳೇ ಓಡಿಸಿಕೊಂಡು ಹೋಗುತ್ತೇನೆ ಎಂದರು. ಹೆಂಡತಿಗೂ ಹ್ಯಾಂಡಲ್ ಮುಟ್ಟಲು ಬಿಡದ ಅವನು, ಇದು ಸ್ವಲ್ಪ ನಾಜೂಕು ಗಾಡಿ ಎಂದು ತೊದಲಿದ.

"ಇಳಿಯಪ್ಪಾ. ಇಲ್ಲಿ ಹೆಚ್ಚಾಗಿರೋ ಭಾರ ನೀನೇ."

ಇಳಿದ. ನರ್ಸಮ್ಮ ಹ್ಯಾಂಡಲ್ ಹಿಡಿದರು; ಅವನು ಹಿಂದಿನಿಂದ ಮೈಯೆಲ್ಲ ಕೊಟ್ಟು ತಳ್ಳಿದ. ಬೈಕು ಮುಗ್ಗರಿಸಿ, ಚೇತರಿಸಿಕೊಂಡು ತಿರುವು ದಾಟಿತು. ಅದರ ಸದ್ದು ಅಡಗಿದ ಮೇಲೂ ಅವನು ಓಡುತ್ತಲೇ ಇದ್ದ. ಅಷ್ಟು ಹೆದರಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ಒಳಗೆ ನೋಡಿದ. ನರ್ಸಮ್ಮ ಕೊಕ್ಕೆ ತಕ್ಕಡಿಗೆ ಬಟ್ಟೆಯ ಜೋಲಿ ಕಟ್ಟಿ ಮಗುವನ್ನು ತೂಗುತ್ತಿದ್ದರು. ಹೆಂಡತಿ ಕಣ್ಣು ಅರ್ಧ ತೆರೆದು ಅವನತ್ತ ತಿರುಗಿದಳು.

"ಎರಡೂ ಮುಕ್ಕಾಲು ಕೆಜಿಯಂತೆ," ಎಂದಳು. "ನಿಮ್ಮ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ನನ್ನದೂ ಸೇರಿಸಿರಲಿಲ್ಲ ನೀವು."