ಫೀಸಿಗಾಗಿ ಒಂದು ವಿಚ್ಛೇದನ

ಸ್ಟೀಲ್ ತಟ್ಟೆಯೊಂದು ಬಾಗಿಲಿನಿಂದ ಹಾರಿ ಬಂದು ರಸ್ತೆಯ ಮೇಲೆ ಗಿರಗಿರನೆ ಸುತ್ತಿ ಮಲಗಿತು. ಅದರ ಹಿಂದೆಯೇ ಗಾಡಿ ಬ್ರೋಕರ್ ಹೊರಬಂದ. ಎದುರುಮನೆಯ ಕಿಟಕಿ ತೆರೆಯಿತು. ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದ ಅಜ್ಜಿ ಟವೆಲು ಹಿಡಿದು ಹಾಗೆಯೇ ನಿಂತರು.

“ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ ನನ್ನ ಮಾತು ಕಿವಿಗೆ ಹಾಕ್ಕೊಂಡಿದ್ದೀರಾ?” ಹೆಂಡತಿ ಹೊಸ್ತಿಲಲ್ಲಿ ನಿಂತು ಕೂಗಿದಳು.

ತಟ್ಟೆ ಎತ್ತಿಕೊಂಡು ಅವಳ ಹತ್ತಿರ ಬಂದ ಬ್ರೋಕರ್ ಪಿಸುಗುಟ್ಟಿದ: “ಭೇಷ್! ಇನ್ನೂ ಸ್ವಲ್ಪ ಜೋರಾಗಿ. ಎದುರುಮನೆ ಮೇಷ್ಟ್ರಿಗೆ ಕಿವಿ ಮಂದ.”

ಇದೆಲ್ಲ ಮಗಳಿಗಾಗಿ. ಅವಳಿಗೆ ದನ ನಾಯಿಗಳ ಡಾಕ್ಟರಾಗುವ ಹುಚ್ಚು. ಆ ಓದಿಗೆ ಹತ್ತಿರದಲ್ಲಿದ್ದದ್ದು ಒಂದೇ ಕಾಲೇಜು. ಅದರ ಫೀಸು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಕೂಡಿಟ್ಟಿದ್ದ ಹಣವನ್ನು ಬ್ರೋಕರ್ ಯಾರನ್ನೂ ಕೇಳದೆ ಒಂದು ಹಳೆಯ ಬಸ್ಸಿಗೆ ಸುರಿದಿದ್ದ. ಬಸ್ಸು ಅವನ ಗಾಡಿ ಷೆಡ್ಡಿನ ಹಿಂದೆ ತುಕ್ಕು ಹಿಡಿಯುತ್ತಿತ್ತು. ಇಂಜಿನ್ ಕೆಮ್ಮಿದರೆ ಸಾಕು, ಮಾರುವವನ ಸುಳ್ಳು ನನಗೆ ತಿಳಿಯುತ್ತದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಬಸ್ಸಿನ ವಿಷಯದಲ್ಲಿ ಮಾತ್ರ ಅದು ಹೇಗೋ ತಪ್ಪಿಹೋಗಿತ್ತು.

“ಊರಾಚೆ ಸೈಟು ಮಾರೋಣ” ಎಂದು ಹೆಂಡತಿ ಹೇಳಿ ನೋಡಿದ್ದಳು. “ಹುಚ್ಚಾ ನಿಂಗೆ? ಅದರ ಬೆಲೆ ಏರ್ತಿದೆ” ಎಂದು ಅವನು ಅಲ್ಲಿಗೇ ಮುಗಿಸಿದ್ದ.

ಮನೆಯಲ್ಲೇ ಕರ್ಟನ್ ಹೊಲಿಯುತ್ತಿದ್ದ ಅವಳು ಒಂದು ಸಂಜೆ ಬಟ್ಟೆಯಿಂದ ತಲೆಯೆತ್ತದೆ ಅಂದಳು: “ಆ ಕಾಲೇಜಲ್ಲಿ ವಿಚ್ಛೇದನ ಆದವರ ಮಕ್ಕಳಿಗೆ ಫೀಸು ಪೂರ್ತಿ ಮಾಫಿಯಂತೆ. ಯಾರೋ ಗಿರಾಕಿ ಹೇಳಿದ್ರು.”

ಅಷ್ಟೇ. ಉಳಿದದ್ದನ್ನೆಲ್ಲ ಬ್ರೋಕರನೇ ಹೆಣೆದ. ಕಾಗದದ ಮೇಲೆ ಬೇರೆಯಾಗುವುದು, ಸೀಟು ಗಟ್ಟಿಯಾದ ಮೇಲೆ ಮತ್ತೆ ಒಂದಾಗುವುದು. ತನ್ನ ತಲೆಗೆ ತಾನೇ ಬೆರಗಾದ.

“ನೀವೇ ಕಾಲೇಜಿಗೆ ಹೋಗಿ ಒಂದ್ಸಲ ವಿಚಾರಿಸಿ” ಎಂದಳು ಹೆಂಡತಿ.

“ನಿಂಗಿದೆಲ್ಲ ಗೊತ್ತಾಗಲ್ಲ, ಸುಮ್ನಿರು. ಬೇಕಾದ ಗಾಡಿ ಕಡೆ ತಿರುಗಿಯೂ ನೋಡಬಾರದು, ಅದು ನಮ್ಮ ಕಸುಬು. ಈಗ ಹೋಗಿ ಕೇಳಿದ್ರೆ ನಾಳೆ ಗುಮಾನಿ ಬರುತ್ತೆ.”

ಅವಳು ಸೂಜಿಗೆ ದಾರ ಪೋಣಿಸಿಕೊಂಡಳು.

ಬೀದಿಗೆ ಒಳ್ಳೆಯ ಮನರಂಜನೆ ಸಿಕ್ಕಿತು. ಇವನು ಹೇಳಿಕೊಟ್ಟ ಬೈಗುಳಗಳನ್ನು ಅವಳು ಮರೆಯುತ್ತಿದ್ದಳು. ಬದಲಿಗೆ ತನ್ನವೇ ಹೇಳುತ್ತಿದ್ದಳು, ತಡವರಿಸದೆ. ಮಗಳಿಗೆ ಗುಟ್ಟು ಬಿಡಬಾರದೆಂದು ಬ್ರೋಕರನದೇ ಕಟ್ಟಪ್ಪಣೆ. ಅವನು ಷೆಡ್ಡಿನ ಮೇಲಿನ ಕೋಣೆಗೆ ಹೊರಟ ದಿನ ಮಗಳು ಅಳಲಿಲ್ಲ. ಅಪ್ಪನ ಹಾಸಿಗೆಯನ್ನು ಅಚ್ಚುಕಟ್ಟಾಗಿ ಸುತ್ತಿ ಕೊಟ್ಟಳು.

ವಕೀಲರ ಮುಂದೆ ಬ್ರೋಕರ್ ಮನೆಯನ್ನೂ ಸೈಟನ್ನೂ ಹೆಂಡತಿಯ ಹೆಸರಿಗೆ ಬರೆಸಿದ.

“ಅಷ್ಟೆಲ್ಲ ಬೇಡ” ಎಂದಳು ಅವಳು.

“ಅರ್ಧಂಬರ್ಧ ಮಾಡಿದ್ರೆ ಸಿಕ್ಕಿಬೀಳ್ತೀವಿ ಕಣೇ” ಎಂದು ಅವನು ಅವಳ ಕಿವಿಯಲ್ಲಿ ಉಸುರಿದ.

ನ್ಯಾಯಾಧೀಶರು, ಇನ್ನೂ ಹೊಂದಿಕೊಂಡು ಹೋಗುವ ಆಸೆಯೇನಾದರೂ ಇದೆಯೇ ಎಂದು ಕೇಳಿದರು. ಅವಳು ನೆಲ ನೋಡುತ್ತಲೇ “ಇಲ್ಲ” ಎಂದಳು. ಕಣ್ಣಲ್ಲಿ ನೀರು ಬಂತು. ಹೊರಗೆ ಬಂದ ಮೇಲೆ ಬ್ರೋಕರ್ ಚಪ್ಪಾಳೆ ತಟ್ಟುವುದೊಂದು ಬಾಕಿ.

“ಕಣ್ಣೀರು ಹ್ಯಾಗೆ ತಂದೆ ಮಾರಾಯ್ತಿ?”

“ಬಂದ್ಬಿಡ್ತು” ಎಂದು ಅವಳು ಆಟೋ ಹತ್ತಿದಳು.

ಷೆಡ್ಡಿನ ಕೋಣೆಯಲ್ಲಿ ಅವನಿಗೆ ನಿದ್ದೆ ಹತ್ತಲಿಲ್ಲ. ಹೊಲಿಗೆ ಯಂತ್ರದ ಸದ್ದಿಲ್ಲದೆ ಕಿವಿ ಬಣಗುಟ್ಟುತ್ತಿತ್ತು. ಹೆಂಡತಿ ನೆನಪಾಗಿ ಎದ್ದು ಕೂರುತ್ತಿದ್ದ. ಇಂಥದ್ದೊಂದು ಹಂಬಲ ತನ್ನೊಳಗಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮನೆಗೆ ಹೋದ ಮೇಲೆ ಅವಳ ಮಾತಿಗೂ ಸ್ವಲ್ಪ ಬೆಲೆ ಕೊಡಬೇಕು ಎಂದುಕೊಂಡ. ಅದನ್ನು ಹೇಳಿ ಅವಳನ್ನು ಬೆರಗುಗೊಳಿಸುವ ಆಸೆಯಾಯಿತು.

ಮಗಳಿಗೆ ಸೀಟು ಸಿಕ್ಕಿತು. ತರಗತಿಗಳು ಶುರುವಾದವು. ಮರುವಾರವೇ ಬ್ರೋಕರ್ ಇಸ್ತ್ರಿಯ ಅಂಗಿ ತೊಟ್ಟು, ಸಾಮಾನೆಲ್ಲ ಕಟ್ಟಿಟ್ಟು, ಕಾಲೇಜಿನ ಫೀಸು ಕಿಟಕಿಗೆ ಹೋದ. ಅಕ್ಕಪಕ್ಕ ನೋಡಿ ತಲೆಯನ್ನು ಒಳಕ್ಕೆ ತೂರಿಸಿದ. ಮಗಳ ಹೆಸರು ಹೇಳಿದ.

“ಅಲ್ಲ ಮೇಡಂ, ಸುಮ್ನೆ ತಿಳ್ಕೊಳ್ಳೋಕೆ ಕೇಳ್ತಿದೀನಿ. ಈ ವಿಚ್ಛೇದನ ಆದವರ ಮಕ್ಕಳ ಮಾಫಿ ಇದೆಯಲ್ಲ, ಅಪ್ಪ ಅಮ್ಮ ಮತ್ತೆ ಮದುವೆಯಾದ್ರೆ ಅದನ್ನ ವಾಪಸ್ ತಗೋತೀರಾ?”

ಗುಮಾಸ್ತೆ ಕಂಪ್ಯೂಟರಿನಲ್ಲಿ ಹುಡುಕಿ ತಲೆಯೆತ್ತಿದಳು.

“ನಿಮ್ಮ ಮಗಳ ಫೀಸು ಪೂರ್ತಿ ಕಟ್ಟಿ ಆಗಿದೆ, ಅವರ ತಾಯೇ ಬಂದು ಕಟ್ಟಿದ್ದಾರೆ, ನೀವು ಹೇಳೋ ಮಾಫಿ ಮಾತ್ರ ನಮ್ಮ ಕಾಲೇಜಲ್ಲಿ ಯಾವತ್ತೂ ಇರ್ಲಿಲ್ಲ ಸಾರ್.”