ಮೊದಲ ಸ್ಥಾನದ ಸಿನಿಮಾ

ಹಾಲಿವುಡ್ಡಿನ ಹಿರಿಯ ನಟ-ನಿರ್ದೇಶಕನೊಬ್ಬನ ಹತ್ತು ಶ್ರೇಷ್ಠ ಚಿತ್ರಗಳ ಕುರಿತು ವಿಮರ್ಶಕರೊಬ್ಬರು ಬರೆದ ಪುಸ್ತಕ ಬಿಡುಗಡೆಯಾಯಿತು.

"ಮೊದಲ ಸ್ಥಾನದ ಚಿತ್ರವನ್ನು ನಲವತ್ತು ವರ್ಷದ ಹಿಂದೆ ಇಲ್ಲಿನ ಟಾಕೀಸಿನಲ್ಲೇ ನೋಡಿದೆ," ಎಂದರು ವಿಮರ್ಶಕರು. "ಮಗನನ್ನು ಕೊಂದವರ ಎದುರು ನಾಯಕ ಬಂದೂಕು ಹಿಡಿದು ನಿಲ್ತಾನೆ. ಗುಂಡು ಹಾರೋದಿಲ್ಲ. ಸಿನಿಮಾ ಅಲ್ಲಿಗೇ ಮುಗಿಯುತ್ತೆ. ಎಂಥ ಕ್ಷಮೆ! ಆ ಅನುಭವ ಕೆಡಬಾರದು ಅಂತ ಮತ್ತೆ ನೋಡೇ ಇಲ್ಲ."

ಸಭೆ ಚಪ್ಪಾಳೆ ತಟ್ಟಿತು. ಆ ಟಾಕೀಸಿನ ಹಳೆಯ ಪ್ರೊಜೆಕ್ಟರ್ ಆಪರೇಟರಿಗೆ ಶಾಲು ಹೊದಿಸುತ್ತ ವಿಮರ್ಶಕರು ಕೇಳಿದರು: "ನಿಮಗೂ ಆ ಕೊನೆ ನೆನಪಿದೆಯಾ?"

"ಮರೆಯೋಕಾಗುತ್ತಾ ಸಾರ್? ನಮಗೂ ಪಕ್ಕದೂರಿನ ಟಾಕೀಸಿಗೂ ಒಂದೇ ಪ್ರಿಂಟು. ಅಲ್ಲಿ ಓಡಿಸಿದ ರೀಲು ಸೈಕಲ್ ಮೇಲೆ ನಮಗೆ ಬರ್ತಿತ್ತು. ಆವತ್ತು ಸೈಕಲ್ ಪಂಕ್ಚರ್ ಆಗಿ ಕೊನೇ ರೀಲು ಬರಲೇ ಇಲ್ಲ. ಅದರಲ್ಲೇ ಸಾರ್, ಅವನು ಹನ್ನೊಂದು ಜನಾನ ಹೊಡೆದು ಹಾಕೋದು."